ಒಂಬೈನೂರಿಪ್ಪತ್ತು ಚೀಟಿಗಳು

ಹೋದ ತಿಂಗಳು ಅಣ್ಣಿಗೇರಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಗೋಡೆಗೆ ಪೋಸ್ಟರ್ ಹಚ್ಚುತ್ತಿದ್ದ. ಬಕೆಟ್ಟಿನಲ್ಲಿ ಕುದಿಸಿದ ಮೈದಾಹಿಟ್ಟಿನ ಅಂಟು. ಹುಳ ಹಿಡಿಯಬಾರದೆಂದು ಅದಕ್ಕೆ ಹಾಕಿದ ಮೈಲುತುತ್ತ. ಆ ಹುಳಿ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬೆರಳುಗಳು ತಮ್ಮಷ್ಟಕ್ಕೆ ತಾವೇ ಸೆರಗಿಗೆ ಒರೆಸಿಕೊಂಡವು. ನವಲಗುಂದದ ಬಸ್ಸು ಬಂತು, ಹೋಯಿತು. ನಾನು ನಿಂತೇ ಇದ್ದೆ.

ಆ ವಾಸನೆ ನನ್ನ ಪಾಲಿಗೆ ಒಂದು ವರ್ಷದ್ದು. ಎಂಬತ್ತರ ದಶಕದ ಮೊದಮೊದಲಿನ ಮಾತು. ಅಣ್ಣಿಗೇರಿಗೂ ನವಲಗುಂದಕ್ಕೂ ನಡುವಿನ ಒಂದು ಹಳ್ಳಿಯ ಹೈಸ್ಕೂಲಿಗೆ ಕನ್ನಡ ಶಿಕ್ಷಕಿಯಾಗಿ ಹೋಗಿದ್ದೆ. ಊರಿನ ಹೆಸರು ಹೇಳುವುದಿಲ್ಲ. ಆಗಿನವರು ಬಹಳ ಮಂದಿ ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಜಗಳಕ್ಕೆ ಬಂದರೆ ನಾನು ಒಬ್ಬಳೇ. ನನಗೆ ಇಪ್ಪತ್ನಾಲ್ಕು ವಯಸ್ಸು. ಎಂ.ಎ. ಆಗಿತ್ತು, ಬಿ.ಎಡ್. ಆಗಿತ್ತು, ಇನ್ನು ಕಲಿಯುವುದೇನೂ ಉಳಿದಿಲ್ಲ ಎಂಬ ಧಿಮಾಕೂ ಆಗಿತ್ತು.

ಧಾರವಾಡದ ಕೆಮ್ಮಣ್ಣಿನಲ್ಲಿ ಬೆಳೆದವಳನ್ನು ಮೊದಲು ಬೆದರಿಸಿದ್ದು ಅಲ್ಲಿಯ ಎರಿ ನೆಲ. ಜೂನ್ ತಿಂಗಳ ಮಳೆ ಬಿದ್ದ ಮರುದಿನ ಶಾಲೆಗೆ ಹೊರಟೆ, ಹತ್ತು ಹೆಜ್ಜೆಗೆ ಚಪ್ಪಲಿಗೆ ಸೇರುಗಟ್ಟಲೆ ಕರಿಮಣ್ಣು ಅಂಟಿ ನಾಲ್ಕು ಬೆರಳು ಎತ್ತರವಾಗಿದ್ದೆ. ದಾರಿಯ ಹೆಣ್ಣುಮಕ್ಕಳು ನಕ್ಕರು. “ಚಪ್ಪಲ ಕೈಯಾಗ ಹಿಡಕೊಳ್ರಿ ಅಕ್ಕೋರ, ಈ ಮಣ್ಣು ಹೊಸಬರನ್ನ ಬಿಡಂಗಿಲ್ಲ” ಎಂದರು. ಆದರೆ ತಲೆಯೆತ್ತಿ ನೋಡಿದೆನಲ್ಲ, ಅಂಥ ಆಕಾಶವನ್ನು ನಾನು ಅದಕ್ಕೆ ಮುಂಚೆ ಕಂಡೇ ಇರಲಿಲ್ಲ. ಅಡ್ಡ ಬರಲು ಒಂದು ಗಿಡ ಸಹ ಇಲ್ಲ. ಮಳೆ ಅರ್ಧ ತಾಸು ಮೊದಲೇ ಕಾಣುತ್ತದೆ, ಯಾರದೋ ಹೊಲದ ಮೇಲೆ ಸುರಿಯುತ್ತ, ಇನ್ನಾರದೋ ಹೊಲವನ್ನು ಬಿಟ್ಟು, ನಿಧಾನಕ್ಕೆ ನಮ್ಮ ಕಡೆ ನಡೆದು ಬರುತ್ತದೆ. ಶಾಲೆಯ ಕಿಟಕಿಯಲ್ಲಿ ನಿಂತು ಪಾಠ ಮರೆತು ನೋಡುತ್ತಿದ್ದೆ.

ಶಾಲೆಯ ಬೀರುವಿನಲ್ಲಿ ಒಂದು ಕಾದಂಬರಿಯ ನಲವತ್ತು ಪ್ರತಿಗಳಿದ್ದವು. ಹಳೆಯ ವಿದ್ಯಾರ್ಥಿಯೊಬ್ಬರು ಕೊಟ್ಟದ್ದು. ಹತ್ತನೇ ಇಯತ್ತೆಯವರಿಗೆ ಶನಿವಾರ ಬೆಳಗಿನ ಕೊನೆಯ ತಾಸಿನಲ್ಲಿ ಅದನ್ನು ಓದಿಸುವುದು ಅಲ್ಲಿಯ ರೂಢಿ. ಪರೀಕ್ಷೆಗೆ ಬರುವ ಪುಸ್ತಕವಲ್ಲ, ಆದರೆ ಬಹಳ ಹೆಸರಾದದ್ದು. ಒಂದು ಊರು, ಒಬ್ಬ ಗೌಡ, ಒಂದು ಬಾವಿ, ಆ ಬಾವಿಯ ನೀರು ಮುಟ್ಟಿದ ಒಬ್ಬ ಮುದುಕ. ಬರೆದವರು ಮುದುಕನ ಪಕ್ಷ. ಓದಿದವರ ಕಣ್ಣಲ್ಲಿ ನೀರು ಬರುತ್ತದೆ. ನನಗಂತೂ ಏಳು ಸಲ ಬಂದಿತ್ತು. ಆ ಪುಸ್ತಕ ಓದಿಯೇ ನಾನು ಕನ್ನಡ ಎಂ.ಎ.ಗೆ ಹೋದದ್ದು ಎಂದರೂ ತಪ್ಪಿಲ್ಲ.

ಅದರಲ್ಲಿ ಒಂದು ಶಬ್ದವಿತ್ತು. ಮುದುಕನ ಜಾತಿಯ ಹೆಸರು. ಹೆಸರಾಗಿ ಹುಟ್ಟಿ ಬೈಗುಳವಾಗಿ ಬೆಳೆದದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ, ಯಾಕೆಂದು ಮುಂದೆ ಹೇಳುತ್ತೇನೆ.

ಓದುವ ಪದ್ಧತಿ ಹೀಗೆ: ಒಬ್ಬರು ಎದ್ದು ಒಂದು ಪುಟ ಓದಬೇಕು, ಆಮೇಲೆ ಬಾಜು ಕುಳಿತವರು. ಸೆಪ್ಟೆಂಬರಿನ ಒಂದು ಶನಿವಾರ ಗೌಡನ ಮಾತುಗಳಿದ್ದ ಪುಟ ಬಸವರಾಜನ ಪಾಲಿಗೆ ಬಂತು. ಆಗತಾನೇ ದನಿ ಒಡೆದಿದ್ದ ಹುಡುಗ, ನಾಟಕದ ಹುಚ್ಚು ಬೇರೆ. ಎದೆ ಸೆಟೆಸಿ, ಇಲ್ಲದ ಮೀಸೆ ತಿರುವಿ ಓದಿದ. ಆ ಶಬ್ದ ಬಂದಾಗ ಪುಸ್ತಕದಿಂದ ಕಣ್ಣು ಕಿತ್ತು, ಹುಡುಗಿಯರ ಸಾಲಿನ ಮೂರನೆಯ ಬೆಂಚಿನ ಕಡೆ ನೋಡಿ ಹೇಳಿದ. ಅಲ್ಲಿ ಸುಜಾತಾ ಕುಳಿತಿದ್ದಳು.

ಸುಜಾತಾಳ ಅಜ್ಜನ ಕಾಲಕ್ಕೇ ಅವಳ ಓಣಿಯ ಮನೆಗಳವರು ಬೌದ್ಧರಾಗಿದ್ದರು. ಮನೆಮನೆಯಲ್ಲಿ ಬುದ್ಧನ ಚಿತ್ರ, ಮಕ್ಕಳಿಗೆ ಹೊಸ ಹೆಸರು. ಊರು ಮಾತ್ರ ಹಳೆಯ ಹೆಸರನ್ನೇ ಜೋಪಾನವಾಗಿ ನೆನಪಿಟ್ಟುಕೊಂಡಿತ್ತು. ಇಡೀ ಶಾಲೆಗೆ ಅವಳಷ್ಟು ಚೆಂದ ಕನ್ನಡ ಬರೆಯುವವರು ಇರಲಿಲ್ಲ, ನನ್ನನ್ನೂ ಹಿಡಿದು. ಅವತ್ತು ಅವಳು ತಲೆಯೆತ್ತಲಿಲ್ಲ. ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟುಕೊಂಡಿದ್ದಳು, ಬೆರಳ ತುದಿ ಬೆಳ್ಳಗಾಗಿತ್ತು.

ನನಗೆ ರಾತ್ರಿಯೆಲ್ಲ ತಳಮಳ. ಪುಸ್ತಕ ಬಿಡಲಾರೆ, ಆ ಬೆರಳು ಮರೆಯಲಾರೆ. ಬೆಳಗಾಗುವಷ್ಟರಲ್ಲಿ ಉಪಾಯ ಹೊಳೆದಿತ್ತು. ಶಬ್ದ ಬಂದಲ್ಲೆಲ್ಲ ಅದರ ಮೇಲೆ ಒಂದು ಬಿಳಿ ಚೀಟಿ ಅಂಟಿಸಿಬಿಡುವುದು. ಕಥೆಯೂ ಉಳಿಯಿತು, ಮಕ್ಕಳ ಮನಸ್ಸೂ ಉಳಿಯಿತು. ಹೆಡ್‌ಮಾಸ್ತರರು ಕೇಳಿ ಮೇಜು ಕುಟ್ಟಿದರು.

“ಭೇಷ್! ಹಾವೂ ಸಾಯಬೇಕು, ಕೋಲೂ ಮುರೀಬಾರ್ದು. ಹಚ್ಚಿಬಿಡ್ರಿ.”

ದಸರಾ ಸೂಟಿಯಲ್ಲಿ ನಾನು ಊರಿಗೆ ಹೋಗಲಿಲ್ಲ. ಹಳೆಯ ಉತ್ತರಪತ್ರಿಕೆಗಳ ಖಾಲಿ ಹಾಳೆ ಕತ್ತರಿಸಿದೆ. ಶಾಲೆಗೆ ಗಂಟೆ ಬಾರಿಸುವ ಸಿಪಾಯಿ ಇಮಾಮಸಾಬ ಶಾಲೆಯ ಹಂಚಿನ ಕೋಣೆಯ ಹಿಂದೆ ಮೂರು ಕಲ್ಲು ಇಟ್ಟು ಅಂಟು ಕುದಿಸಿಕೊಟ್ಟ. ಒಂದು ಪುಸ್ತಕಕ್ಕೆ ಇಪ್ಪತ್ತಮೂರು ಕಡೆ, ನಲವತ್ತು ಪುಸ್ತಕ, ಒಟ್ಟು ಒಂಬೈನೂರಿಪ್ಪತ್ತು ಚೀಟಿ. ಮೂರು ದಿನ ಹಚ್ಚಿದೆ. ಇಮಾಮಸಾಬ ಒಂದು ಪುಟ ತೆಗೆದು ದೂರ ಹಿಡಿದು ನೋಡಿದ.

“ಅಕ್ಕೋರ, ತಪ್ಪು ತಿಳೀಬ್ಯಾಡ್ರಿ. ಹಳೀ ಅಂಗಿಗೆ ಹೊಸಾ ತ್ಯಾಪಿ ಹಚ್ಚಿದಂಗ ಕಾಣತೈತಿ. ಕಣ್ಣು ಮೊದಲ ಅಲ್ಲೇ ಹೋಗತೈತ್ರಿ.”

ಹಾಳೆ ಹಳದಿಯಾಗಿತ್ತು, ಚೀಟಿ ಬಿಳಿಯಾಗಿತ್ತು. ಎಂ.ಎ. ಆದವಳಿಗೆ ಸಿಪಾಯಿ ಏನು ಹೇಳುವುದು ಎಂದು ನಾನು ನಕ್ಕು ಬಿಟ್ಟೆ.

ಸೂಟಿ ಮುಗಿದ ಮೇಲಿನ ಮೊದಲ ಶನಿವಾರ ಒಬ್ಬ ಹುಡುಗಿ ಓದುತ್ತ ಓದುತ್ತ ಗಕ್ಕನೆ ನಿಂತಳು. “ಅಕ್ಕೋರ, ಇಲ್ಲಿ ಚೀಟಿ ಐತ್ರಿ.” ಬಿಟ್ಟು ಮುಂದೆ ಓದು ಎಂದೆ. ಆದರೆ ಬಿಟ್ಟರೆ ವಾಕ್ಯ ಕುಂಟುತ್ತದೆ. ಗಟ್ಟಿಯಾಗಿ ಓದುವವರಿಗೆ ಅಲ್ಲಿ ಏನಾದರೊಂದು ಅನ್ನಲೇಬೇಕು. ಬಸವರಾಜನ ಸರದಿ ಬಂತು. ಅವನು ಒಂದು ಕ್ಷಣವೂ ತಡವರಿಸಲಿಲ್ಲ.

“ಏ ಚೀಟಿ, ಬಾವಿ ಕಡೆ ಬಂದೀ ಅಂದ್ರ ಕಾಲು ಮುರೀತೇನಿ!”

ಇಡೀ ವರ್ಗ ಹೋ ಎಂದು ನಕ್ಕಿತು. ಸುಳ್ಳೇಕೆ ಹೇಳಲಿ, ನನಗೂ ನಗೆ ಬಂದು ಗಂಟಲಲ್ಲಿ ನಿಂತಿತು. ಆಮೇಲೆ ಎಲ್ಲರೂ ಹಾಗೆಯೇ ಓದಿದರು. ಶಬ್ದ ಹೋಯಿತಲ್ಲ, ಅಷ್ಟೇ ಸಾಕು ಎಂದುಕೊಂಡೆ.

ಎಂಟು ದಿನದಲ್ಲಿ ಚೀಟಿ ವರ್ಗ ಬಿಟ್ಟು ಬಯಲಿಗೆ ಬಂತು. ಹದಿನೈದು ದಿನದಲ್ಲಿ ಆ ಓಣಿಯ ಮಕ್ಕಳಿಗೆಲ್ಲ ಅದೇ ಹೆಸರಾಯಿತು. ಚೀಟಿ, ಚೆಂಡು ಕೊಡು. ಚೀಟಿ, ನೀರಿನ ಹರವಿ ಕಡೆಯಿಂದ ಸರಿ. ಎಂಟನೇ ಇಯತ್ತೆಯ ಒಬ್ಬ ಹುಡುಗಿ ಅಳುತ್ತ ಬಂದಾಗ ಅಂದವನನ್ನು ಹಿಡಿದು ತರಿಸಿದೆ. ಅವನು ಕಣ್ಣು ಅಗಲಿಸಿ ಕೇಳಿದ, “ಚೀಟಿ ಅನ್ನೂದು ಬೈಗುಳ ಏನ್ರಿ ಅಕ್ಕೋರ?”

ಹಳೆಯ ಶಬ್ದವನ್ನು ಅಂದರೆ ದೂರು ಕೊಡಬಹುದಿತ್ತು, ಹೊಡೆಯಬಹುದಿತ್ತು, ಪೊಲೀಸ್ ಫೌಜದಾರರ ತನಕ ಹೋಗಬಹುದಿತ್ತು. ಚೀಟಿ ಎಂದದ್ದಕ್ಕೆ ಯಾರು ಯಾರನ್ನು ಹಿಡಿಯುವುದು? ಕಾನೂನಿನ ಕೈಗೂ ಸಿಗದ, ನಾಲಗೆಗೂ ಹಗುರವಾದ, ಅಗದಿ ಹೊಸ ಬೈಗುಳವೊಂದನ್ನು ನಾನು ಮೂರು ದಿನ ಕುಳಿತು ತಯಾರು ಮಾಡಿಕೊಟ್ಟಿದ್ದೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ದೀಪಾವಳಿಯ ನಂತರ ಸುಜಾತಾ ಶಾಲೆಗೆ ಬರಲಿಲ್ಲ. ಒಂದು ವಾರ, ಎರಡು ವಾರ. ಬೋರ್ಡ್ ಪರೀಕ್ಷೆಯ ಫಾರ್ಮ್ ತುಂಬುವ ಕೊನೆಯ ದಿನ ಹತ್ತಿರ ಬರುತ್ತಿತ್ತು. ಅದಕ್ಕೆ ಸಹಿ ಬೀಳದಿದ್ದರೆ ಆ ವರ್ಷ ಹೋಯಿತು. ಆ ಊರಿನಲ್ಲಿ ಹುಡುಗಿಗೆ ಒಂದು ವರ್ಷ ಹೋದರೆ ಓದೇ ಹೋಯಿತು. ಹೆಡ್‌ಮಾಸ್ತರರು ತಲೆ ಕೆರೆದುಕೊಂಡರು.

“ಪರೀಕ್ಷಾಕ್ಕ ಬರಲಾರದ ಪುಸ್ತಕಕ್ಕ ಯಾಕಿಷ್ಟು ಗದ್ದಲ? ನಲವತ್ತೂ ಬೀರುದಾಗ ಹಾಕಿ ಕೀಲಿ ಹಾಕೂಣು. ಪುಸ್ತಕ ಇಲ್ಲ, ಚೀಟಿನೂ ಇಲ್ಲ.”

“ಪುಸ್ತಕಾನ ಇಲ್ಲದಂಗ ಮಾಡೂದು ಸರಿ ಏನ್ರಿ ಸರ್?”

“ಸರಿ ತಪ್ಪು ನಿಮ್ಮ ಎಂ.ಎ.ದಾಗ ಇರ್ಲಿ. ನನಗ ಶಾಲಿ ನಡೀಬೇಕು.”

ಅವರು ಕೆಟ್ಟವರಲ್ಲ. ಕೀಲಿ ಹಾಕುವ ಮೊದಲು ಒಂದು ಪ್ರತಿ ಕೇಳಿದೆ, ಮುಖ ನೋಡಿ ಕೊಟ್ಟರು. ಅದನ್ನು ಬಗಲಲ್ಲಿಟ್ಟುಕೊಂಡು ಸುಜಾತಾಳ ಮನೆಗೆ ಹೋದೆ. ಮನೆಗೆ ಬೀಗ. ತಾಯಿ ಮಗಳು ಕಾಲುವೆಯ ಬದಿಯ ಹೊಲಕ್ಕೆ ಹತ್ತಿ ಬಿಡಿಸಲು ಹೋಗಿದ್ದಾರೆ ಎಂದರು.

ಆ ಹೊಲವನ್ನು ಮರೆಯಲಾರೆ. ಮಳೆಗಾಲದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದ ಅದೇ ಕರಿನೆಲ, ಈಗ ಬಿರಿದು ಕೈ ತೂರುವಷ್ಟು ಬಿರುಕು. ಅದರ ಮೇಲೆ ಕಣ್ಣು ಹಾಯುವಷ್ಟು ದೂರ ಅರಳಿದ ಹತ್ತಿ. ಇಷ್ಟು ಕರಿಯ ಮಣ್ಣಿನಿಂದ ಇಷ್ಟು ಬಿಳಿಯದು ಹೇಗೆ ಬರುತ್ತದೆ ಎಂದು ಬಾಯಿ ಬಿಟ್ಟು ನಿಂತೆ. ಸಾಲಿನಲ್ಲಿ ಬಗ್ಗಿದ್ದ ಹೆಂಗಸರ ನಡುವಿನಿಂದ ಒಬ್ಬಳು ನೆಟ್ಟಗಾದಳು. ನಲವತ್ತರ ಆಸುಪಾಸು, ಎತ್ತರದ ಹೆಂಗಸು, ಮಡಿಲು ತುಂಬ ಹತ್ತಿ. ಸುಜಾತಾಳ ತಾಯಿ ನೀಲವ್ವ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಸುಜಾತಾ ಎರಡು ಸಾಲು ಆಚೆ ಇದ್ದಳು, ನನ್ನನ್ನು ಕಂಡರೂ ಕೈ ನಿಲ್ಲಿಸಲಿಲ್ಲ.

ಫಾರ್ಮಿನ ವಿಷಯ ಹೇಳಿದೆ. ನೀಲವ್ವ ಕೇಳಿಸಿಕೊಂಡು, ತನ್ನದೇ ಪ್ರಶ್ನೆ ಕೇಳಿದಳು.

“ಅಕ್ಕೋರ, ಚೀಟಿ ಅಂದ್ರ ಏನ್ರಿ? ಮಗಳನ್ನ ಕೇಳಿದ್ರ ಹೇಳವಲ್ಲಳು.”

ಹೇಳಿದೆ. ಯಾಕೆ ಅಂಟಿಸಿದೆ, ಎಷ್ಟು ಅಂಟಿಸಿದೆ, ಎಲ್ಲ ಹೇಳಿದೆ. ನನ್ನ ಒಳ್ಳೆಯ ಮನಸ್ಸನ್ನು ಎರಡೆರಡು ಸಲ ಹೇಳಿದೆ.

“ಚೀಟಿ ಕೆಳಗ ಏನೈತಿ?”

ನಾನು ಪುಸ್ತಕವನ್ನು ಬಗಲಲ್ಲಿ ಇನ್ನಷ್ಟು ಒತ್ತಿಕೊಂಡೆ.

“ನಿಮ್ಮ ಬಾಯಾಗ ಬರವಲ್ದೇನ್ರಿ? ನಮ್ಮ ಕಿವ್ಯಾಗ ದಿನಾ ಬರತೈತಿ” ಎಂದಳು. ಸಿಟ್ಟಿಲ್ಲದೆ ಅಂದಳು. ಆಮೇಲೆ ನನ್ನ ಬಗಲಲ್ಲಿದ್ದ ಪುಸ್ತಕವನ್ನು ಗದ್ದದಿಂದ ತೋರಿಸಿದಳು. “ಅದ ಏನು ಅದು? ಸಂಜೀಕ ನಮ್ಮ ವಿಹಾರಕ್ಕ ಬರ್ರಿ. ಮೊದಲಿಂದ ಕಡೀತನಕ ಓದಿ ಹೇಳ್ರಿ. ನಾವು ಕೇಳತೇವಿ. ಕೇಳಿದ ಮ್ಯಾಲ ಮಗಳನ್ನ ಕಳಸೂದೋ ಬಿಡೂದೋ ಹೇಳತೇನಿ.”

“ಸುಜಾತಾನ ಓದಬಹುದಲ್ಲ, ನನಗಿಂತ ಚಲೋ ಓದ್ತಾಳ.”

“ಅಕಿ ಯಾಕ ಓದಬೇಕ್ರಿ? ಚೀಟಿ ಹಚ್ಚಿದಾಕಿ ನೀವು.”

ಓಣಿಯ ವಿಹಾರವೆಂದರೆ ಮಣ್ಣಿನ ಮಾಳಿಗೆಯ ಒಂದೇ ಕೋಣೆ, ಸಾರಿಸಿದ ನೆಲ, ಗೂಡಿನಲ್ಲಿ ಒಂದು ಅಂಗೈಯಷ್ಟು ಬುದ್ಧನ ಮೂರ್ತಿ. ಹೊಲದಿಂದ ಬಂದವರು ಕೈಕಾಲು ತೊಳೆದುಕೊಂಡು, ರೊಟ್ಟಿಗೆ ಕೂಡುವ ಮುಂಚೆ ಅಲ್ಲಿ ಬಂದು ಕೂಡುತ್ತಿದ್ದರು. ಯಾರಾದರೂ ಏನಾದರೂ ಓದಿ ಹೇಳುವುದು ಅವರಲ್ಲಿ ಮೊದಲಿಂದಲೂ ಇದ್ದ ರೂಢಿ. ಓದುವವರಿಗೆ ಎದುರಾಗಿ ಒಬ್ಬರು ಹೂಂಗುಡಬೇಕು. ಆ ಕೆಲಸ ದುರ್ಗಪ್ಪ ಅಜ್ಜನದು. ಕೇಳುವವರಲ್ಲಿ ಯಾರು ಬೇಕಾದರೂ ಕೈಯೆತ್ತಿ ನಿಲ್ಲಿಸಿ ಪ್ರಶ್ನೆ ಕೇಳಬಹುದು. ಮೊದಲ ದಿನ ಹತ್ತು ಹದಿನೈದು ಜನ ಇದ್ದರು. ಸುಜಾತಾ ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೆ ಗೋಡೆಗೆ ಆತು ಕುಳಿತಳು. ನಾನು ಒದ್ದೆ ಬಟ್ಟೆಯಿಂದ ಚೀಟಿಗಳನ್ನು ನೆನೆಸಿ ಕಿತ್ತುಕೊಂಡು ಬಂದಿದ್ದೆ.

ನೀಲವ್ವ ಎದುರಿಗೆ ಮೊರ ಇಟ್ಟುಕೊಂಡು, ಸೆರಗಿನಲ್ಲಿ ಉಳಿದ ಹತ್ತಿಯ ಕಾಳು ಬಿಡಿಸುತ್ತ ಕುಳಿತಿದ್ದಳು.

ಮೂರನೆಯ ಪುಟದಲ್ಲೇ ಶಬ್ದ ಬಂತು. ನಾಲಗೆ ಏಳಲಿಲ್ಲ. ಅದು ನನ್ನ ಬಾಯಿಗೆ ಹೊಸದಾಗಿದ್ದರಿಂದ ಅಲ್ಲ, ಹಳೆಯದಾಗಿದ್ದರಿಂದ. ನಮ್ಮದು ಮಡಿಯ ಮನೆ. ಕಾಲು ತೊಳೆಯದೆ ಒಳಗೆ ಬಂದರೆ ಅಜ್ಜಿ ಅದೇ ಶಬ್ದದಿಂದ ಬೈಯುತ್ತಿದ್ದಳು. ತಲೆ ಬಾಚಿಕೊಳ್ಳದ ತಂಗಿಗೆ ನಾನೇ ಎಷ್ಟು ಸಲ ಅಂದಿದ್ದೆನೋ. ಯಾರಿಗೂ ಅಂದದ್ದಲ್ಲ, ಸುಮ್ಮನೆ ಕೊಳಕಿಗೆ ಇಟ್ಟ ಹೆಸರು ಎಂದುಕೊಂಡಿದ್ದೆ. ಆ ಕೋಣೆಯಲ್ಲಿ, ಆ ಮುಖಗಳ ಎದುರು ಅದನ್ನು ಅನ್ನಬೇಕಾಗಿ ಬಂದಾಗ ಗೊತ್ತಾಯಿತು, ಅಷ್ಟು ವರ್ಷವೂ ಅಂದದ್ದು ಇವರಿಗೇ ಎಂದು. ಮೈಯೆಲ್ಲ ನಾಚಿಕೆಯಾಯಿತು.

“ಓದ್ರಿ” ಎಂದಳು ನೀಲವ್ವ.

ಓದಿದೆ. ದುರ್ಗಪ್ಪಜ್ಜ ಹೂಂಗುಡಲಿಲ್ಲ. ನೀಲವ್ವ ಕೈಯೆತ್ತಿದಳು.

“ಇದನ್ನ ಯಾರಂದ್ರು?”

“ಗೌಡ. ಪುಸ್ತಕದಾಗಿನ ಗೌಡ.”

ಅವಳು ಒಂದು ಹತ್ತಿಕಾಳನ್ನು ಮೊರದ ಎಡಬದಿಗೆ ಇಟ್ಟಳು. ಮುಂದೆ ಓದಿ ಎಂದಳು. ಮತ್ತೆ ಬಂತು, ಮತ್ತೆ ಕೇಳಿದಳು, ಗೌಡನ ಹೆಂಡತಿ ಎಂದೆ. ಎಡಕ್ಕೆ ಇನ್ನೊಂದು ಕಾಳು. ಎರಡು ಸಂಜೆ ಹೀಗೇ ನಡೆಯಿತು. ಪ್ರತಿ ಸಲವೂ ಅದೇ ಪ್ರಶ್ನೆ, ಪ್ರತಿ ಸಲವೂ ಒಂದು ಕಾಳು. ಲೆಕ್ಕ ಇಡುತ್ತಿದ್ದಾಳೆ, ಕೊನೆಗೆ ನನ್ನ ಮುಖಕ್ಕೆ ಹಿಡಿಯುತ್ತಾಳೆ ಎಂದು ಒಳಗೊಳಗೇ ಅಳುಕಿದ್ದೆ.

ಮೂರನೆಯ ಸಂಜೆ ಬಾವಿಯ ವರ್ಣನೆ ಬಂತು. ಬಹಳ ಸುಂದರವಾದ ಪುಟ, ನನಗೆ ಬಾಯಿಪಾಠ. ಬೆಳಗಿನ ಬಿಸಿಲು, ರಾಟೆಯ ಸದ್ದು, ದೂರದಲ್ಲಿ ನಿಂತು ನೀರಿಗೆ ಕಾಯುವ ಜನ. ಆ ಜನರನ್ನು ಕರೆಯುವಲ್ಲಿ ಆ ಶಬ್ದವಿತ್ತು. ಓದಿದೆ.

“ಇದನ್ನ ಯಾರಂದ್ರು?”

ಪುಟ ನೋಡಿದೆ. ಹಿಂದಿನ ಪುಟ ನೋಡಿದೆ. “ಇಲ್ಲಿ ಯಾರೂ ಅಂದಿಲ್ಲ ನೀಲವ್ವ. ಹಂಗ ಬರದದ.”

“ಯಾರೂ ಅನ್ನಲಾರದ ಮಾತು ಹೆಂಗ ಬಂತ್ರಿ?”

ಏಳು ಸಲ ಓದಿದ್ದೆ. ಅದರ ಮೇಲೆ ಇಪ್ಪತ್ತು ಪುಟದ ಪ್ರಬಂಧ ಬರೆದು ಗುರುಗಳಿಂದ ಶಹಬ್ಬಾಸ್ ಅನ್ನಿಸಿಕೊಂಡಿದ್ದೆ. ಗೌಡ ಅಂದದ್ದು ಬೇರೆ, ಬರೆದವನು ತಾನಾಗಿಯೇ ಅಂದದ್ದು ಬೇರೆ ಎಂಬುದು ನನಗೆ ಒಮ್ಮೆಯೂ ಕಂಡಿರಲಿಲ್ಲ. ಅಕ್ಷರ ಬಾರದ ಹೆಂಗಸು, ಇಡೀ ದಿನ ಹತ್ತಿ ಬಿಡಿಸಿ ಬಂದು, ಬರೀ ಕಿವಿಯಿಂದ ಅದನ್ನು ಹಿಡಿದಿದ್ದಳು.

“ಬರದಾವ ಅಂದಾನ” ಎಂದೆ ಮೆಲ್ಲಗೆ.

“ಹಾಂ. ಗೌಡ ಅಂದ್ರ ಗೌಡನ ಬಾಯಿ ಹೊಲಸು. ಅದು ನಮಗೂ ಗೊತ್ತು, ಬರದಾವಗೂ ಗೊತ್ತು. ಇವ ನಮ್ಮ ಕಡೆದಾವ ಅಂದ್ರಲ್ಲ? ನಮ್ಮ ಸಲುವಾಗಿ ಅತ್ತಾನ ಅಂದ್ರಲ್ಲ? ಅಳಕೋತ ಅಂದಾನ. ಅವಗ ಅಂದದ್ದ ಗೊತ್ತಾಗಿಲ್ಲ.”

ಒಂದು ಕಾಳು ಬಲಬದಿಗೆ ಹೋಯಿತು, ಒಂದೇ ಒಂದು. ದೊಡ್ಡ ದೊಡ್ಡ ವಿಮರ್ಶಕರ ಭಾಷಣ ಕೇಳಿದ್ದೇನೆ. ಆ ಮೊರದ ಎದುರು ಆದಂಥ ಬೆರಗು ನನಗೆ ಮತ್ತೆಲ್ಲೂ ಆಗಿಲ್ಲ. ಆ ಶಬ್ದವನ್ನು ಇಲ್ಲಿ ಬರೆಯದೆ ಇರುವುದೂ ಇದಕ್ಕೇ. ಬರೆದರೆ ನೀವು ಯಾರಂದ್ರು ಎಂದು ಕೇಳಬೇಕಾಗುತ್ತದೆ. ಅಂದದ್ದು ಗೌಡನಲ್ಲ, ನಾನೇ ಆಗಿರುತ್ತೇನೆ.

ಆರನೆಯ ಸಂಜೆಗೆ ಕಥೆ ಮುಗಿಯುವ ಹಂತಕ್ಕೆ ಬಂತು. ಎಡಕ್ಕೆ ಹದಿನೆಂಟು ಕಾಳು, ಬಲಕ್ಕೆ ನಾಲ್ಕು. ಅಷ್ಟರಲ್ಲಿ ಕೋಣೆ ತುಂಬಿ ಬಾಗಿಲ ತನಕ ಜನ. ಮುದುಕ ಸಾಯುವ ಮುಂಚೆ ಮೊಮ್ಮಗನಿಗೆ ಹೇಳುತ್ತಾನೆ, ನಾವು ಇಂಥವರು, ನಮಗೆ ಆ ನೀರು ಯಾಕೆ ಎಂದು. ಇಂಥವರು ಎನ್ನುವಲ್ಲಿ ಆ ಶಬ್ದ.

ನೀಲವ್ವ ಕೇಳಿದಳು, “ಯಾರಂದ್ರು?”

“ಮುದುಕ. ತನಗ ತಾನ ಅಂದುಕೊಂಡ.”

ಅವಳು ಕಾಳನ್ನು ಬೆರಳಲ್ಲಿ ಹಿಡಿದುಕೊಂಡೇ ಕುಳಿತಳು. ಎಡಕ್ಕೆ ಒಯ್ದಳು, ಬಲಕ್ಕೆ ಒಯ್ದಳು, ಮತ್ತೆ ಅಂಗೈಗೆ ತಂದುಕೊಂಡಳು. ದುರ್ಗಪ್ಪಜ್ಜ ಕಣ್ಣು ಒರೆಸಿಕೊಂಡ. “ನಮ್ಮಪ್ಪನೂ ಹಿಂಗ ಅಂತಿದ್ದ” ಎಂದ. ಆಗ ನೀಲವ್ವ ಆ ಕಾಳನ್ನು ಎಡಗಡೆಯ ಗುಂಪಿನ ನಟ್ಟನಡುವೆ ಇಟ್ಟಳು.

“ಇದು ಗೌಡಂದ. ಮುದುಕನ ಬಾಯಾಗ ಹೋಗಿ ಕುಂತೈತಿ, ಅಷ್ಟ.”



ಪುಸ್ತಕ ಮುಚ್ಚಿ ಕೇಳಿದೆ, ಇದನ್ನು ಶಾಲೆಯಲ್ಲಿ ಇಡಬೇಕೋ ಬೇಡವೋ ನೀವೇ ಹೇಳಿ ಎಂದು. ದುರ್ಗಪ್ಪಜ್ಜನದು ನೇರ ಮಾತು. “ನೀರು ಕಾಸೋ ಒಲೀಗೆ ಹಾಕ್ರಿ. ನಮ್ಮ ಮಕ್ಕಳು ಶಾಲೀಗೆ ಹೋಗೂದು ಕಲಿಯಾಕ, ಬೈಸಿಕೊಳ್ಳಾಕಲ್ಲ. ಓಣ್ಯಾಗ ಪುಕ್ಕಟೆ ಸಿಗತೈತಿ ಅದು.” ಆ ಮಾತನ್ನು ತಳ್ಳಿಹಾಕುವ ಧೈರ್ಯ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಕೆಲವರು ಹೌದು ಹೌದು ಎಂದರು. ಇನ್ನು ಕೆಲವರಿಗೆ ಮುದುಕನ ಕಥೆ ಬಿಡಲು ಮನಸ್ಸಿಲ್ಲ. ಹತ್ತಿಯ ದರದ ಚೌಕಾಶಿಯ ಹಾಗೆ ಇದೂ ಜಗ್ಗಾಡಿತು. ಕಡೆಗೆ ನೀಲವ್ವ ಬಾಗಿಲ ಕಡೆ ತಿರುಗಿದಳು.

“ನಾವು ಓದಿದವರಲ್ಲ. ಬೆಂಚಿನ ಮ್ಯಾಲ ಕುಂಡ್ರಾಕಿ ನೀ. ನೀ ಹೇಳ ಬೇ.”

ಆರು ಸಂಜೆ ಹೊಸ್ತಿಲ ಆಚೆಗೇ ಇದ್ದ ಸುಜಾತಾ ಎದ್ದು ಒಳಗೆ ಬಂದಳು. ನನ್ನನ್ನೇ ನೋಡಿ ಮಾತಾಡಿದಳು.

“ಅಕ್ಕೋರ, ಪುಸ್ತಕ ಕೀಲ್ಯಾಗ ಇಟ್ರ ಚೀಟಿ ಹೋಗಂಗಿಲ್ರಿ. ಅದು ಈಗ ಪುಸ್ತಕದಾಗಿಲ್ಲ, ಹುಡುಗೂರ ಬಾಯಾಗೈತಿ. ನಲವತ್ತೂ ತಗೀರಿ. ಎಲ್ಲಾ ಚೀಟಿ ಕೀಳಸ್ರಿ, ಹಚ್ಚಿದ್ದನ್ನ ನೋಡಿ ನಕ್ಕವರ ಕೈಲೆ. ಆಮ್ಯಾಲ ನೀವು ಓದ್ರಿ. ಹುಡುಗೂರ ಕೈಲೆ ಓದಸಬ್ಯಾಡ್ರಿ. ಶಬ್ದ ಬಂದಲ್ಲೆಲ್ಲಾ ನಿಂತು ಯಾರಂದ್ರು ಅಂತ ಕೇಳ್ರಿ, ಅವ್ವ ಕೇಳಿದಂಗ. ಹಂಗಾದ್ರ ಬರತೇನಿ.”

“ಬರತಾಳ” ಎಂದಳು ನೀಲವ್ವ.

ಹೆಡ್‌ಮಾಸ್ತರರು ಕೀಲಿಯನ್ನು ಮೇಜಿನ ಮೇಲೆ ಇಟ್ಟು, ಹೆಚ್ಚುಕಮ್ಮಿಯಾದರೆ ಎಲ್ಲ ನಿಮ್ಮ ಹೆಸರ ಮೇಲೆ ಎಂದರು. ಆಗಲಿ ಎಂದೆ. ಫಾರ್ಮಿಗೆ ಕೊನೆಯ ದಿನ ಸುಜಾತಾ ಸಹಿ ಮಾಡಿದಳು; ಉರುಟಾದ, ಒತ್ತಿ ಬರೆದ ಅಕ್ಷರ. ಮುಂದೆ ಪಾಸಾದಳು, ಅವಳೂ ಮಾಸ್ತರಿಕೆಯನ್ನೇ ಹಿಡಿದಳು, ಅದನ್ನೆಲ್ಲ ಅವಳೇ ಬರೆದರೆ ಚೆಂದ.

ಅವಳು ಸಹಿ ಮಾಡಿದ ವಾರದ ಶನಿವಾರ ಬೆಳಿಗ್ಗೆ ಚಳಿ ಇತ್ತು. ಬಕೆಟ್ಟಿನಲ್ಲಿ ಬಿಸಿನೀರು, ಹರಕು ಬಟ್ಟೆ. ಮೂವತ್ತೆಂಟು ಮಕ್ಕಳು ಕುಳಿತು ಚೀಟಿ ಕೀಳತೊಡಗಿದರು. ಅಂಟಿಸಿದ್ದಕ್ಕಿಂತ ಕೀಳುವುದು ಕಷ್ಟ. ಹಾಳೆ ಹರಿಯಿತು, ಕೆಲವು ಕಡೆ ಚೀಟಿಯ ಜೊತೆಗೆ ಶಬ್ದವೂ ಎದ್ದು ಬಂದು ಅಲ್ಲಿ ತೂತು ಬಿತ್ತು. ಮೊದಮೊದಲು ನಗು, ಪಿಸುಮಾತು. ಹತ್ತು, ಹದಿನೈದು, ಇಪ್ಪತ್ತು ಕಿತ್ತ ಮೇಲೆ ನಗು ತಾನಾಗಿಯೇ ನಿಂತಿತು. ಬೆರಳೆಲ್ಲ ಅಂಟಾಗಿತ್ತು.

ನಾನು ಓದಲು ಎದ್ದು ನಿಂತೆ. ಸುಜಾತಾ ಮೂರನೆಯ ಬೆಂಚಿನಲ್ಲಿ ತನ್ನ ಜಾಗದಲ್ಲೇ ಕುಳಿತಿದ್ದಳು. ಮೊದಲ ಸಲ ಶಬ್ದ ಬಂದಾಗ ನಿಂತು ಕೇಳಿದೆ, ಯಾರಂದ್ರು? ಮತ್ತೊಮ್ಮೆ ಕೇಳಿದೆ. “ಗೌಡರ್ರೀ” ಎಂದು ಹಿಂದಿನಿಂದ ಒಂದು ದನಿ. ಎರಡನೆಯ ಸಲಕ್ಕೆ ನಾಲ್ಕು ದನಿ. ಬಾವಿಯ ಪುಟ ಬಂದಾಗ ಬಹಳ ಹೊತ್ತು ಕಾದೆ. ಕಿಟಕಿಯ ಹೊರಗೆ ಹತ್ತಿಯ ಚಕ್ಕಡಿಗಳು ಹೋಗುತ್ತಿದ್ದವು. ಕಡೆಗೆ ಬಸವರಾಜ, ಅದೇ ಬಸವರಾಜ, ಪುಟದಿಂದ ಕಣ್ಣೆತ್ತದೆ ನಿಧಾನಕ್ಕೆ ಹೇಳಿದ.

“ಇಲ್ಲಿ ಯಾರೂ ಮಾತಾಡಿಲ್ರಿ ಅಕ್ಕೋರ. ಬರದವ್ರ ಅಂದಾರ.”

ಶಹಬ್ಬಾಸ್ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಸುಜಾತಾ ಎದ್ದು ನಿಂತಳು.

“ಅಕ್ಕೋರ, ನಾ ಒಂದು ಕೇಳಲೇನ್ರಿ?”

“ಕೇಳು.”

“ಚೀಟಿ ಅಂತ ಮೊದಲ ಯಾರಂದ್ರು?”

ಎಲ್ಲರ ಕಣ್ಣೂ ಬಸವರಾಜನ ಮೇಲೆ. ಅವನ ಕಿವಿ ಕೆಂಪಾಯಿತು. ಬೆಂಚು ಹಿಡಿದುಕೊಂಡು ಮೆಲ್ಲಗೆ ಏಳತೊಡಗಿದ. ಹುಡುಗ ಏಳುತ್ತಿದ್ದಾನೆ, ತಪ್ಪು ಒಪ್ಪಿಕೊಳ್ಳುತ್ತಾನೆ, ನಾನು ಒಂದೆರಡು ಒಳ್ಳೆಯ ಮಾತು ಹೇಳಿ ಕೂರಿಸುತ್ತೇನೆ, ಎಲ್ಲ ಅಲ್ಲಿಗೆ ಮುಗಿಯುತ್ತದೆ. ಎಷ್ಟು ಸಲೀಸು ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ಸುಜಾತಾ ಅವನ ಕಡೆ ನೋಡುತ್ತಲೇ ಇರಲಿಲ್ಲ. ಅವಳ ಕಣ್ಣು ನನ್ನ ಮೇಲಿತ್ತು.

“ನಾನು” ಎಂದೆ. “ಅವ ಬಾಯಿಲೆ ಅಂದ. ಅದಕ್ಕೂ ಮೊದಲ ನಾ ಕೈಲೆ ಅಂದಿದ್ದೆ. ಒಂಬೈನೂರಿಪ್ಪತ್ತು ಸಲ.”

ಸುಜಾತಾ ತಲೆಯಾಡಿಸಿದಳು. ಅರ್ಧ ಎದ್ದು ನಿಂತಿದ್ದ ಹುಡುಗನ ಕಡೆ ಆಗ ತಿರುಗಿದಳು.

“ಬಸ್ಯಾ, ಕುಂಡ್ರೋ. ಅಕ್ಕೋರು ಒಪ್ಪಿಕೊಂಡ್ರು. ನಿನ್ನ ಪಾಳಿ ಮುಂದಿನ ವಾರ.”